ಹೆಲ್ಮೆಟ್ ಕ್ಯಾಮೆರಾ (ಟ್ರೇಲ್ ಸವಾರಿ)

ಹೆಲ್ಮೆಟ್ ಕ್ಯಾಮೆರಾ ಎಂಬುದು ಸವಾರನ ಶಿರಸ್ತ್ರಾಣಕ್ಕೆ ಅಳವಡಿಸಿ, ಕೈಗಳನ್ನು ಬಳಸದೆಯೇ ಸವಾರಿಯ ದೃಶ್ಯಗಳನ್ನು ಸೆರೆಹಿಡಿಯಲು ನೆರವಾಗುವ ಚಿಕ್ಕ ಗಾತ್ರದ ವಿಡಿಯೊ ಕ್ಯಾಮೆರಾ. ಇದು ಆಕ್ಷನ್ ಕ್ಯಾಮೆರಾ ಎಂಬ ವರ್ಗಕ್ಕೆ ಸೇರಿದ್ದು, ಧೂಳು, ನೀರು, ಕುಲುಕಾಟ ಹಾಗೂ ಸಣ್ಣಪುಟ್ಟ ಪೆಟ್ಟುಗಳನ್ನು ತಾಳಿಕೊಳ್ಳುವಂತೆ ರೂಪಿಸಲಾಗಿರುತ್ತದೆ. ಡಾಂಬರಿಲ್ಲದ ಕಾಡುಹಾದಿ, ಗುಡ್ಡದ ಕಾಲುದಾರಿ ಮತ್ತು ಕಲ್ಲುಮಣ್ಣಿನ ಇಳಿಜಾರುಗಳಲ್ಲಿ ಮೌಂಟನ್ ಬೈಕ್ ಅಥವಾ ಹಗುರವಾದ ಡರ್ಟ್ ಬೈಕ್ ಓಡಿಸುವುದನ್ನು ಟ್ರೇಲ್ ಸವಾರಿ ಎನ್ನುತ್ತಾರೆ. ಈ ಬಗೆಯ ಸವಾರಿಯಲ್ಲಿ ಹೆಲ್ಮೆಟ್ ಕ್ಯಾಮೆರಾದ ಬಳಕೆ ವ್ಯಾಪಕವಾಗಿದೆ. ಸವಾರನು ನೋಡುತ್ತಿರುವುದನ್ನೇ ಹೆಚ್ಚುಕಡಿಮೆ ಅವನ ಕಣ್ಣಿನ ಎತ್ತರದಿಂದ ದಾಖಲಿಸುವುದು ಇದರ ವೈಶಿಷ್ಟ್ಯ.

ಹೆಲ್ಮೆಟ್ ಇರುವುದು ತಲೆಯನ್ನು ಕಾಪಾಡುವುದಕ್ಕಾಗಿ. ಕ್ಯಾಮೆರಾ ಹೊರುವುದು ಅದರ ಮೂಲ ಉದ್ದೇಶವಲ್ಲ. ಆದುದರಿಂದ ಇಂತಹ ಕ್ಯಾಮೆರಾವನ್ನು ಆಯ್ಕೆ ಮಾಡುವಾಗ ಚಿತ್ರದ ಗುಣಮಟ್ಟದಷ್ಟೇ ಅದರ ತೂಕ, ಅಳವಡಿಸುವ ಜಾಗ ಮತ್ತು ಪೆಟ್ಟು ಬಿದ್ದಾಗ ಸುಲಭವಾಗಿ ಕಳಚಿಕೊಳ್ಳುವ ಗುಣವೂ ಮುಖ್ಯವಾಗುತ್ತವೆ.

ಇತಿಹಾಸ

ಸವಾರನ ತಲೆಯ ಮೇಲೆ ಕ್ಯಾಮೆರಾ ಇರಿಸುವ ಪ್ರಯತ್ನಗಳು ಡಿಜಿಟಲ್ ಯುಗಕ್ಕಿಂತ ಹಿಂದಿನವು. ಮೋಟಾರ್‌ಸೈಕಲ್ ಕ್ರೀಡೆಯನ್ನು ಕುರಿತು ಅಮೆರಿಕದ ನಿರ್ದೇಶಕ ಬ್ರೂಸ್ ಬ್ರೌನ್ 1971ರಲ್ಲಿ ತೆರೆಗೆ ತಂದ 'ಆನ್ ಎನಿ ಸಂಡೇ' ಎಂಬ ಸಾಕ್ಷ್ಯಚಿತ್ರದಲ್ಲಿ ಹೆಲ್ಮೆಟ್‌ಗೆ ಕಟ್ಟಿದ ಕ್ಯಾಮೆರಾಗಳನ್ನು ಬಳಸಲಾಗಿತ್ತು. ಆ ಕಾಲದ ಫಿಲ್ಮ್ ಕ್ಯಾಮೆರಾಗಳು ಇಂದಿನವುಗಳಿಗೆ ಹೋಲಿಸಿದರೆ ಬಲು ಭಾರವಾಗಿದ್ದವು.

ಮೌಂಟನ್ ಬೈಕ್ ಕ್ರೀಡೆಯು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಗುಡ್ಡಗಳಲ್ಲಿ ರೂಪುಗೊಂಡಿತು. 1987ರಲ್ಲಿ ಮಾರ್ಕ್ ಶುಲ್ಜ್ ಎಂಬ ಅಮೆರಿಕದ ಚಿತ್ರನಿರ್ಮಾಪಕರು ಮೌಂಟನ್ ಬೈಕ್ ಸವಾರಿಯ ವಿಡಿಯೊ ಒಂದಕ್ಕಾಗಿ ಹೆಲ್ಮೆಟ್‌ಗೆ ಕ್ಯಾಮೆರಾ ಜೋಡಿಸಿ, ಅದರಿಂದ ಹೊರಟ ತಂತಿಯನ್ನು ಬೆನ್ನುಚೀಲದಲ್ಲಿದ್ದ ರೆಕಾರ್ಡರಿಗೆ ಸೇರಿಸಿದರು. ಕ್ಯಾಮೆರಾ ಒಂದೆಡೆ, ಟೇಪು ಇನ್ನೊಂದೆಡೆ ಇರುವ ಈ ಏರ್ಪಾಡು ಮುಂದೆಯೂ ಹಲವು ವರ್ಷ ರೂಢಿಯಲ್ಲಿತ್ತು.

ಎಲ್ಲವನ್ನೂ ಒಂದೇ ಪುಟ್ಟ ಪೆಟ್ಟಿಗೆಯಲ್ಲಿ ಅಡಕಗೊಳಿಸಲು ಸಾಧ್ಯವಾದದ್ದು 2000ದ ನಂತರ. ನಿಕ್ ವುಡ್‌ಮನ್ ಅವರು 2002ರಲ್ಲಿ ಸ್ಥಾಪಿಸಿದ ಗೋಪ್ರೊ ಕಂಪನಿಯ ಮೊದಲ ಕ್ಯಾಮೆರಾ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಅದು ಮಣಿಕಟ್ಟಿಗೆ ಕಟ್ಟಿಕೊಳ್ಳುವ, 35 ಮಿಲಿಮೀಟರ್ ಫಿಲ್ಮ್ ಬಳಸುವ ಸಾಧನವಾಗಿತ್ತು. 2006ರಲ್ಲಿ ಬಂದ ಅದರ ಮೊದಲ ಡಿಜಿಟಲ್ ಮಾದರಿ ಒಂದು ಬಾರಿಗೆ ಕೇವಲ 10 ಸೆಕೆಂಡುಗಳ ವಿಡಿಯೊ ದಾಖಲಿಸುತ್ತಿತ್ತು. 2010ರ ವೇಳೆಗೆ 1080ಪಿ ಗುಣಮಟ್ಟದ ವಿಡಿಯೊ ಇಂತಹ ಕ್ಯಾಮೆರಾಗಳಲ್ಲಿ ಲಭ್ಯವಾಯಿತು. ಸೋನಿ ಕಂಪನಿಯು 2012ರಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿತು. ಪ್ರತ್ಯೇಕ ರಕ್ಷಾಕವಚವಿಲ್ಲದೆಯೇ 10 ಮೀಟರ್ ಆಳದವರೆಗೆ ನೀರನ್ನು ತಡೆದುಕೊಳ್ಳುವ ಹೀರೊ5 ಬ್ಲ್ಯಾಕ್ 2016ರಲ್ಲಿಯೂ, ಕುಲುಕಾಟವನ್ನು ಗಣನೀಯವಾಗಿ ತಗ್ಗಿಸುವ ಹೈಪರ್‌ಸ್ಮೂತ್ ತಂತ್ರವನ್ನು ಒಳಗೊಂಡ ಹೀರೊ7 ಬ್ಲ್ಯಾಕ್ 2018ರಲ್ಲಿಯೂ ಬಂದವು. 2019ರಲ್ಲಿ ಡಿಜೆಐ ಕಂಪನಿಯು ಮುಂದೆ ಹಾಗೂ ಹಿಂದೆ ಎರಡೂ ಬದಿಗೆ ಪರದೆಯುಳ್ಳ ಓಸ್ಮೊ ಆಕ್ಷನ್ ಮಾದರಿಯನ್ನು ಹೊರತಂದಿತು. ಇನ್‌ಸ್ಟಾ360 ಕಂಪನಿಯು ಸುತ್ತಲಿನ 360 ಡಿಗ್ರಿ ದೃಶ್ಯವನ್ನು ದಾಖಲಿಸುವ ಕ್ಯಾಮೆರಾಗಳಿಗೂ, ಹೆಬ್ಬೆರಳಿನ ಗಾತ್ರದ ಅತಿ ಹಗುರ ಕ್ಯಾಮೆರಾಗಳಿಗೂ ಹೆಸರಾಗಿದೆ.

ಹೆಲ್ಮೆಟ್‌ನ ರಕ್ಷಣೆ ಮತ್ತು ಕ್ಯಾಮೆರಾ

ಹೆಲ್ಮೆಟ್‌ನಲ್ಲಿ ಮುಖ್ಯವಾಗಿ ಎರಡು ಪದರಗಳಿರುತ್ತವೆ. ನುಣುಪಾದ ಗಟ್ಟಿ ಹೊರಚಿಪ್ಪು ಪೆಟ್ಟಿನ ಬಲವನ್ನು ಅಗಲವಾಗಿ ಹಂಚುವುದಲ್ಲದೆ, ನೆಲಕ್ಕೆ ತಾಗಿದಾಗ ಸಿಕ್ಕಿಕೊಳ್ಳದೆ ಜಾರಿಹೋಗಲು ಅನುವು ಮಾಡಿಕೊಡುತ್ತದೆ. ಒಳಗಿರುವ ಪಾಲಿಸ್ಟೈರಿನ್ ನೊರೆಯ ಪದರವು ತಾನು ಜಜ್ಜಿಹೋಗುವ ಮೂಲಕ ಆಘಾತದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಒಮ್ಮೆ ಜಜ್ಜಿದ ನೊರೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲವಾದ್ದರಿಂದ ಬಲವಾದ ಪೆಟ್ಟು ತಿಂದ ಹೆಲ್ಮೆಟನ್ನು ಬದಲಾಯಿಸಬೇಕಾಗುತ್ತದೆ.

ಹೊರಕ್ಕೆ ಚಾಚಿದ ಗಟ್ಟಿ ವಸ್ತುವೊಂದು ಈ ಎರಡೂ ಕ್ರಿಯೆಗಳಿಗೆ ಅಡ್ಡಿಯಾಗಬಲ್ಲದು. ಕ್ಯಾಮೆರಾದ ಮೇಲೆಯೇ ಬಿದ್ದರೆ ಪೆಟ್ಟಿನ ಬಲವು ಹಂಚಿಹೋಗದೆ ಅದರ ಬುಡದ ಕಿರಿದಾದ ಜಾಗದಲ್ಲಿ ಕೇಂದ್ರೀಕೃತವಾಗಬಹುದು. ಮರದ ಕೊಂಬೆಗೋ ಬಂಡೆಗೋ ಕ್ಯಾಮೆರಾ ಸಿಕ್ಕಿಕೊಂಡರೆ ತಲೆ ಹಠಾತ್ತಾಗಿ ತಿರುಚಿಕೊಳ್ಳುತ್ತದೆ. ಇಂತಹ ತಿರುಚುವಿಕೆಯು ಕೊರಳಿಗೂ ಮೆದುಳಿಗೂ ಹಾನಿಕರ. ಯುರೋಪಿನಲ್ಲಿ ಜಾರಿಯಲ್ಲಿರುವ ಇಸಿಇ 22 ಸರಣಿಯ ಮಾನಕಗಳಲ್ಲಿ ಹೆಲ್ಮೆಟ್‌ನ ಹೊರಮೈಯ ಉಬ್ಬುಗಳನ್ನೂ ಘರ್ಷಣೆಯನ್ನೂ ಪರೀಕ್ಷಿಸುವ ವಿಧಿಗಳಿರುವುದು ಇದೇ ಕಾರಣಕ್ಕೆ.

ತೂಕವೂ ಗಮನಿಸಬೇಕಾದ ಅಂಶ. ಸಾಮಾನ್ಯ ಗಾತ್ರದ ಆಕ್ಷನ್ ಕ್ಯಾಮೆರಾ ಬ್ಯಾಟರಿ ಸಹಿತ ಸುಮಾರು 150 ಗ್ರಾಂ ತೂಗುತ್ತದೆ. ಒಂದೂವರೆ ಕಿಲೋ ಆಸುಪಾಸಿನ ಪೂರ್ಣಮುಖದ ಹೆಲ್ಮೆಟ್‌ಗೆ ಇದು ಹತ್ತರಲ್ಲಿ ಒಂದು ಭಾಗ. ನಿಂತಲ್ಲಿ ಇದು ಹೊರೆಯೆನಿಸದು. ಆದರೆ ಗುಂಡಿಗೆ ಇಳಿದಾಗ ಗುರುತ್ವದ 5 ಪಟ್ಟು ವೇಗೋತ್ಕರ್ಷ ಉಂಟಾದರೆ ಅದೇ ಕ್ಯಾಮೆರಾ ಆ ಕ್ಷಣದ ಮಟ್ಟಿಗೆ ಕೊರಳಿಗೆ 750 ಗ್ರಾಂ ಭಾರವಾಗುತ್ತದೆ. ಕ್ಯಾಮೆರಾ ನೆತ್ತಿಯಿಂದ ಎಷ್ಟು ಮೇಲಿರುತ್ತದೆಯೋ ಸನ್ನೆಕೋಲಿನ ನಿಯಮದಂತೆ ಅದರ ಎಳೆತವೂ ಅಷ್ಟು ಹೆಚ್ಚುತ್ತದೆ. ಮೂರು ನಾಲ್ಕು ಗಂಟೆಗಳ ಸವಾರಿಯ ಕೊನೆಗೆ ಕೊರಳು ನೋಯುವುದಕ್ಕೆ ಇದೂ ಒಂದು ಕಾರಣವಾಗಬಹುದು.

2013ರ ಡಿಸೆಂಬರ್‌ನಲ್ಲಿ ಫಾರ್ಮುಲಾ ಒನ್ ಮಾಜಿ ವಿಶ್ವ ಚಾಂಪಿಯನ್ ಮೈಕೆಲ್ ಶೂಮಾಕರ್ ಅವರು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಸ್ಕೀ ಮಾಡುವಾಗ ಬಿದ್ದು ತಲೆಗೆ ತೀವ್ರವಾಗಿ ಗಾಯಗೊಂಡರು. ಆಗ ಅವರ ಹೆಲ್ಮೆಟ್ ಮೇಲೆ ಕ್ಯಾಮೆರಾ ಇದ್ದುದರಿಂದ, ಅದು ಗಾಯದ ತೀವ್ರತೆಯನ್ನು ಹೆಚ್ಚಿಸಿರಬಹುದೇ ಎಂಬ ಚರ್ಚೆ ಜಗತ್ತಿನಾದ್ಯಂತ ನಡೆಯಿತು. ಹಾಗೆಂದು ಸಾಬೀತಾಗಲಿಲ್ಲ. ಆದರೂ ಹೆಲ್ಮೆಟ್ ಕ್ಯಾಮೆರಾದ ಸುರಕ್ಷತೆಯ ಪ್ರಶ್ನೆ ಸಾಮಾನ್ಯ ಸವಾರರ ಗಮನಕ್ಕೆ ಬಂದದ್ದು ಈ ಘಟನೆಯ ನಂತರವೇ.

ಆಯ್ಕೆಯ ಮಾನದಂಡಗಳು

ಗಾತ್ರ ಮತ್ತು ತೂಕ. ಕಾಡುಹಾದಿಯ ಬಳಕೆಗೆ ಕ್ಯಾಮೆರಾ ಹಗುರವಾಗಿದ್ದಷ್ಟೂ ಒಳ್ಳೆಯದು. 2023ರಲ್ಲಿ ಬಂದ ಇನ್‌ಸ್ಟಾ360 ಗೋ 3 ಸುಮಾರು 35 ಗ್ರಾಂ ಮಾತ್ರ ತೂಗುತ್ತದೆ. ಆದರೆ ಇಂತಹ ಪುಟ್ಟ ಕ್ಯಾಮೆರಾಗಳಲ್ಲಿ ಬ್ಯಾಟರಿ ಚಿಕ್ಕದಾಗಿರುವುದರಿಂದ ದೀರ್ಘಕಾಲದ ದಾಖಲೆ ಸಾಧ್ಯವಾಗುವುದಿಲ್ಲ. ಇಡೀ ಸವಾರಿಯನ್ನು ದಾಖಲಿಸಬೇಕೋ, ಆಯ್ದ ಇಳಿಜಾರುಗಳನ್ನು ಮಾತ್ರವೋ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಸ್ಥಿರೀಕರಣ. ಬೇರು, ಕಲ್ಲು, ಗುಂಡಿಗಳ ಮೇಲೆ ಸಾಗುವಾಗ ತಲೆ ಎಡೆಬಿಡದೆ ಅದುರುತ್ತದೆ. ಕ್ಯಾಮೆರಾದೊಳಗಿನ ಗೈರೊಸ್ಕೋಪ್ ಈ ಅದುರನ್ನು ಅಳೆಯುತ್ತದೆ. ಸಂಸ್ಕಾರಕವು ಪ್ರತಿ ಫ್ರೇಮನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ಸರಿಸಿ ಚಿತ್ರವನ್ನು ನಿಲ್ಲಿಸುತ್ತದೆ. ಹೀಗೆ ಸರಿಸಲು ಅಂಚಿನಲ್ಲಿ ಜಾಗ ಬೇಕಾಗುವುದರಿಂದ ಚಿತ್ರದ ಸುತ್ತಲಿನ ಸ್ವಲ್ಪ ಭಾಗ ಕತ್ತರಿಸಿಹೋಗುತ್ತದೆ. ಉತ್ತಮ ಸ್ಥಿರೀಕರಣವಿರುವ 1080ಪಿ ವಿಡಿಯೊ, ಅದಿಲ್ಲದ 4ಕೆ ವಿಡಿಯೊಗಿಂತ ನೋಡಲು ಹಿತವಾಗಿರುತ್ತದೆ.

ಬೆಳಕಿನ ಗ್ರಹಣಶಕ್ತಿ. ಕಾಡಿನ ಬೆಳಕು ಕ್ಯಾಮೆರಾಗಳಿಗೆ ಕಠಿಣ ಪರೀಕ್ಷೆ. ಮರಗಳ ನೆರಳಲ್ಲಿ ಬೆಳಕು ಕಡಿಮೆಯಾದಾಗ ಕ್ಯಾಮೆರಾ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಆಗ ಅದುರು ಪ್ರತಿಯೊಂದು ಫ್ರೇಮಿನೊಳಗೇ ಮಸುಕಾಗಿ ದಾಖಲಾಗುತ್ತದೆ. ಈ ಮಸುಕನ್ನು ಯಾವ ಸ್ಥಿರೀಕರಣವೂ ಅಳಿಸಲಾರದು. ಸಂವೇದಕ ದೊಡ್ಡದಾದಷ್ಟೂ ಈ ತೊಂದರೆ ಕಡಿಮೆ. ಹಿಂದಿನ ಅನೇಕ ಮಾದರಿಗಳಲ್ಲಿ 1/2.3 ಇಂಚಿನ ಸಂವೇದಕಗಳಿದ್ದರೆ, 2023ರ ಓಸ್ಮೊ ಆಕ್ಷನ್ 4 ಮಾದರಿಯಲ್ಲಿ 1/1.3 ಇಂಚಿನ ಸಂವೇದಕವಿದೆ.

ಬ್ಯಾಟರಿ. 2020ರ ಹೀರೊ9 ಬ್ಲ್ಯಾಕ್‌ನ ಬ್ಯಾಟರಿಯ ಸಾಮರ್ಥ್ಯ 1720 ಮಿಲಿಆಂಪಿಯರ್-ಅವರ್. ಹೆಚ್ಚಿನ ಗುಣಮಟ್ಟದಲ್ಲಿ ಎಡೆಬಿಡದೆ ದಾಖಲಿಸಿದರೆ ಈ ಗಾತ್ರದ ಬ್ಯಾಟರಿಗಳು ಒಂದೆರಡು ಗಂಟೆಗಳೊಳಗೆ ಬರಿದಾಗುತ್ತವೆ. ಚಳಿಯಲ್ಲಿ ಈ ಅವಧಿ ಇನ್ನೂ ಕುಗ್ಗುತ್ತದೆ. ಆದ್ದರಿಂದ ಬ್ಯಾಟರಿಯನ್ನು ಬದಲಿಸಲು ಬರುವ ಮಾದರಿಯೇ ದೀರ್ಘ ಸವಾರಿಗೆ ಅನುಕೂಲ. ಹೆಲ್ಮೆಟ್ ಮೇಲೆ ಹೆಚ್ಚುವರಿ ಪವರ್ ಬ್ಯಾಂಕ್ ಅಂಟಿಸುವುದು ತೂಕದ ದೃಷ್ಟಿಯಿಂದ ಸಲ್ಲದು.

ನಿಯಂತ್ರಣ. ಹೆಲ್ಮೆಟ್ ಧರಿಸಿದ ಮೇಲೆ ಸವಾರನಿಗೆ ಕ್ಯಾಮೆರಾ ಕಾಣುವುದಿಲ್ಲ. ಕೈಗವಸು ತೊಟ್ಟಿರುವಾಗಲೂ ಸ್ಪರ್ಶದಿಂದಲೇ ಗುರುತಿಸಿ ಒತ್ತಬಹುದಾದ ಒಂದು ದೊಡ್ಡ ಗುಂಡಿ, ಆರಂಭ ಮತ್ತು ನಿಲುಗಡೆಗಳನ್ನು ತಿಳಿಸುವ ಸ್ಪಷ್ಟವಾದ ಬೀಪ್ ಧ್ವನಿ ಹಾಗೂ ಒಂದೇ ಒತ್ತಿಗೆ ಚಾಲೂ ಆಗಿ ದಾಖಲಿಸತೊಡಗುವ ಸೌಲಭ್ಯ ಇರಬೇಕು. ದನಿಯ ಆಜ್ಞೆಯು ಗಾಳಿ ಹಾಗೂ ಎಂಜಿನ್ ಸದ್ದಿನ ನಡುವೆ ಕೆಲವೊಮ್ಮೆ ಕೆಲಸ ಮಾಡದು.

ಮೆಮೊರಿ ಕಾರ್ಡ್. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಾಗುವ ವಿಡಿಯೊ ಒಂದು ಗಂಟೆಗೆ ಸುಮಾರು 45 ಗಿಗಾಬೈಟ್ ಜಾಗ ಬೇಡುತ್ತದೆ. ಅಂದರೆ 64 ಗಿಗಾಬೈಟ್ ಕಾರ್ಡು ಒಂದು ಗಂಟೆ 25 ನಿಮಿಷಗಳಲ್ಲಿ ತುಂಬುತ್ತದೆ. ಬರೆಯುವ ವೇಗ ಸೆಕೆಂಡಿಗೆ 30 ಮೆಗಾಬೈಟಿಗಿಂತ ಕಡಿಮೆಯಾಗದು ಎಂಬುದನ್ನು ಸೂಚಿಸುವ ವಿ30 ಗುರುತು ಕಾರ್ಡಿನ ಮೇಲಿರಬೇಕು. ನಿಧಾನವಾದ ಕಾರ್ಡುಗಳಲ್ಲಿ ದಾಖಲೆ ಮಧ್ಯದಲ್ಲಿಯೇ ನಿಂತುಹೋಗುವ ಸಂಭವವಿದೆ.

ಅಳವಡಿಸುವ ಸ್ಥಾನಗಳು

ಗದ್ದದ ಪಟ್ಟಿ. ಮೋಟೊಕ್ರಾಸ್ ಮಾದರಿಯ ಪೂರ್ಣಮುಖದ ಹೆಲ್ಮೆಟ್‌ಗಳಲ್ಲಿ ಗದ್ದದ ಮುಂಭಾಗಕ್ಕೆ ಕ್ಯಾಮೆರಾ ಜೋಡಿಸಬಹುದು. ಇಲ್ಲಿ ದೃಶ್ಯವು ಕಣ್ಣಿನ ಮಟ್ಟಕ್ಕೆ ಸಮೀಪವಾಗಿದ್ದು, ಹ್ಯಾಂಡಲ್ ಮತ್ತು ಕೈಗಳೂ ಕಾಣುವುದರಿಂದ ವೇಗದ ಅನುಭವ ಚೆನ್ನಾಗಿ ಮೂಡುತ್ತದೆ. ಕ್ಯಾಮೆರಾ ತಗ್ಗಿನಲ್ಲಿರುವುದರಿಂದ ಕೊಂಬೆಗಳಿಗೆ ಸಿಲುಕುವ ಸಂಭವವೂ ಕಡಿಮೆ. ಆದರೆ ಮುಖ ನೆಲಕ್ಕೆ ಬಡಿಯುವಂತೆ ಬಿದ್ದರೆ ಮೊದಲು ತಾಗುವುದು ಕ್ಯಾಮೆರಾವೇ ಆಗಿರುತ್ತದೆ. ಉಸಿರಾಟದ ಗಾಳಿಕಿಂಡಿಗಳನ್ನು ಅದು ಮುಚ್ಚದಂತೆಯೂ ನೋಡಿಕೊಳ್ಳಬೇಕು.

ನೆತ್ತಿಯ ಮೇಲ್ಭಾಗ. ಇಲ್ಲಿಂದ ಹಾದಿಯ ವಿಶಾಲ ನೋಟ ದೊರೆಯುತ್ತದೆ. ಮೌಂಟನ್ ಬೈಕ್ ಸವಾರರು ಬಳಸುವ, ಗಾಳಿಕಿಂಡಿಗಳುಳ್ಳ ಅರ್ಧ ಹೆಲ್ಮೆಟ್‌ಗಳಲ್ಲಿ ಕಿಂಡಿಗಳ ಮೂಲಕ ಪಟ್ಟಿ ತೂರಿಸಿ ಕಟ್ಟುವ ವಿಧಾನ ಬಳಕೆಯಲ್ಲಿದೆ. ಸನ್ನೆಕೋಲಿನ ಪರಿಣಾಮ ಅತಿ ಹೆಚ್ಚಾಗಿರುವುದೂ ಕೊಂಬೆಗಳಿಗೆ ಸುಲಭವಾಗಿ ಸಿಲುಕುವುದೂ ಈ ಸ್ಥಾನದ ದೋಷಗಳು. ತಗ್ಗಿದ ಕೊಂಬೆಗಳಿರುವ ಕಾಡುಹಾದಿಗೆ ಇದು ಹೊಂದುವುದಿಲ್ಲ.

ಪಕ್ಕ. ಕಿವಿಯ ಮೇಲ್ಭಾಗದಲ್ಲಿ ಜೋಡಿಸಿದರೆ ಎತ್ತರ ಕಡಿಮೆಯಾಗುತ್ತದೆ. ಆದರೆ ತೂಕ ಒಂದೇ ಬದಿಗೆ ವಾಲುತ್ತದೆ. ಹೆಲ್ಮೆಟ್‌ನ ಅಂಚು ಚಿತ್ರದ ಒಂದು ಮೂಲೆಯನ್ನು ಮರೆಮಾಡಬಹುದು.

ಎದೆಪಟ್ಟಿ. ಹೆಲ್ಮೆಟ್‌ಗೆ ಪರ್ಯಾಯವಾಗಿ ಎದೆಯ ಮೇಲೆ ಕ್ಯಾಮೆರಾ ಕಟ್ಟಿಕೊಳ್ಳುವುದುಂಟು. ಮುಂಡವು ತಲೆಯಷ್ಟು ತಿರುಗುವುದಿಲ್ಲವಾದ್ದರಿಂದ ಚಿತ್ರ ಸ್ಥಿರವಾಗಿರುತ್ತದೆ. ಹೆಲ್ಮೆಟ್‌ನ ರಕ್ಷಣೆಗೂ ಭಂಗ ಬರುವುದಿಲ್ಲ. ಆದರೆ ಸವಾರ ಮುಂದಕ್ಕೆ ಬಾಗಿದಾಗ ಕ್ಯಾಮೆರಾ ನೆಲವನ್ನೇ ನೋಡುತ್ತದೆ. ಮುಂದಕ್ಕೆ ಬಿದ್ದರೆ ಎದೆಗೂಡಿನ ಮೇಲೆ ಗಟ್ಟಿ ವಸ್ತುವೊಂದು ಒತ್ತುವ ಅಪಾಯವೂ ಇದೆ.

ಜೋಡಿಸುವ ವಿಧಾನ

ಹೆಲ್ಮೆಟ್‌ಗೆ ಎಂದಿಗೂ ರಂಧ್ರ ಕೊರೆಯಬಾರದು, ತಿರುಪು ಹಾಕಬಾರದು. ಇದರಿಂದ ಚಿಪ್ಪು ದುರ್ಬಲಗೊಳ್ಳುವುದಲ್ಲದೆ, ಪೆಟ್ಟು ಬಿದ್ದಾಗ ತಿರುಪಿನ ಮೊನೆ ತಲೆಯತ್ತ ನುಗ್ಗಬಹುದು. ಅಂಟುಪಟ್ಟಿಯ ತಳಪಾಯವೇ ಸೂಕ್ತ. ಅದನ್ನು ಅಂಟಿಸುವ ಕ್ರಮ ಹೀಗಿದೆ:

• ಅಂಟಿಸುವ ಜಾಗವನ್ನು ಸೌಮ್ಯವಾದ ಸೋಪಿನ ನೀರಿನಿಂದ ಒರೆಸಿ ಪೂರ್ಣವಾಗಿ ಒಣಗಿಸಬೇಕು. ಪೆಟ್ರೋಲ್, ಥಿನ್ನರ್ ಮುಂತಾದ ದ್ರಾವಕಗಳು ಪ್ಲಾಸ್ಟಿಕ್ ಚಿಪ್ಪನ್ನು ಕಣ್ಣಿಗೆ ಕಾಣದಂತೆ ಹಾಳುಮಾಡಬಲ್ಲವು. ಆದಕಾರಣ ಅವುಗಳನ್ನು ಬಳಸಬಾರದು.
• ತಳಪಾಯಗಳಲ್ಲಿ ಚಪ್ಪಟೆ ಮತ್ತು ಬಾಗಿದ ಮೈಯವು ಎಂಬ ಎರಡು ಬಗೆಗಳಿವೆ. ಹೆಲ್ಮೆಟ್‌ನ ಬಾಗಿಗೆ ಹೊಂದುವುದನ್ನೇ ಆರಿಸಬೇಕು. ನಡುವೆ ಸಂದು ಉಳಿದರೆ ಅಂಟು ಬೇಗನೆ ಬಿಡುತ್ತದೆ.
• ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಅಂಟಿಸಿ, ಚೆನ್ನಾಗಿ ಒತ್ತಿ ಹಿಡಿದು, ಕ್ಯಾಮೆರಾ ಹಾಕುವ ಮುನ್ನ 24 ಗಂಟೆ ಬಿಡಬೇಕು. ಅಂಟಿಗೆ ಪೂರ್ಣ ಬಲ ಬರಲು ಇಷ್ಟು ಸಮಯ ಬೇಕು.
• ಸವಾರಿಯ ಹಿಂದಿನ ದಿನ ತಳಪಾಯವನ್ನು ಕೈಯಿಂದ ಅಲುಗಿಸಿ ಪರೀಕ್ಷಿಸಬೇಕು. ಅಂಚು ಎದ್ದಿದ್ದರೆ ಹೊಸದನ್ನು ಹಾಕಬೇಕು.

ದೈನಂದಿನ ಬಳಕೆಯಲ್ಲಿ ಭದ್ರವಾಗಿದ್ದು, ಬಲವಾದ ಪೆಟ್ಟು ಬಿದ್ದಾಗ ಕಿತ್ತುಬರುವ ಜೋಡಣೆಯೇ ಒಳ್ಳೆಯ ಜೋಡಣೆ. ತಂತಿ ಸುತ್ತಿ, ಹಲವು ಪದರ ಟೇಪು ಬಿಗಿದು ಕ್ಯಾಮೆರಾವನ್ನು 'ಕೀಳಲಾಗದಂತೆ' ಮಾಡುವುದು ಸವಾರನ ಹಿತಕ್ಕೆ ವಿರುದ್ಧ. ಕಳಚಿದ ಕ್ಯಾಮೆರಾ ಕಳೆದುಹೋಗದಿರಲು ದಾರ ಕಟ್ಟುವವರುಂಟು. ಅಂತಹ ದಾರ ಗಿಡ್ಡವಾಗಿರಬೇಕು. ಉದ್ದವಾಗಿದ್ದರೆ ಕ್ಯಾಮೆರಾ ಬೀಸಿಬಂದು ಮುಖಕ್ಕೆ ಹೊಡೆಯಬಹುದು. ಎಳೆತ ಹೆಚ್ಚಾದಾಗ ಹರಿಯುವಷ್ಟು ತೆಳುವಾಗಿಯೂ ಇರಬೇಕು.

ಕ್ಯಾಮೆರಾದ ಕೋನವನ್ನು ನಿಂತ ಭಂಗಿಯಲ್ಲಿ ನಿರ್ಧರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಸವಾರಿ ಮಾಡುವಾಗ ದೇಹ ಬಾಗಿ, ತಲೆಯ ಕೋನವೂ ಬದಲಾಗುವುದರಿಂದ ಚಿತ್ರದಲ್ಲಿ ಮುಂದಿನ ಚಕ್ರವೇ ತುಂಬಿಕೊಳ್ಳುತ್ತದೆ. ಬೈಕನ್ನು ಏರಿ, ಸವಾರಿಯ ಭಂಗಿಯಲ್ಲಿ ಮುಂದಿನ ಹಾದಿಯನ್ನು ನೋಡುತ್ತ ಕೋನವನ್ನು ಹೊಂದಿಸಬೇಕು. ಒಂದು ನಿಮಿಷದ ಪ್ರಾಯೋಗಿಕ ದಾಖಲೆ ಮಾಡಿ, ಮೊಬೈಲ್ ಪರದೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ಸೂಕ್ತ.

ಸಂಯೋಜನೆಗಳು

ಸಾಮಾನ್ಯ ಸವಾರಿಗೆ 4ಕೆ ಗುಣಮಟ್ಟದಲ್ಲಿ ಸೆಕೆಂಡಿಗೆ 30 ಫ್ರೇಮ್, ವೇಗದ ಇಳಿಜಾರಿಗೆ 60 ಫ್ರೇಮ್ ಸಾಕಾಗುತ್ತದೆ. ಸೆಕೆಂಡಿಗೆ 120 ಫ್ರೇಮ್‌ಗಳಲ್ಲಿ ದಾಖಲಿಸಿದ್ದನ್ನು 30ರ ದರದಲ್ಲಿ ತೋರಿಸಿದರೆ ಚಲನೆ ನಾಲ್ಕು ಪಟ್ಟು ನಿಧಾನವಾಗಿ ಕಾಣುತ್ತದೆ. ಫ್ರೇಮ್‌ಗಳ ಸಂಖ್ಯೆ ಹೆಚ್ಚಿದಂತೆ ಪ್ರತಿಯೊಂದಕ್ಕೂ ದೊರೆಯುವ ಬೆಳಕು ಕಡಿಮೆಯಾಗುತ್ತದೆ ಎಂಬುದನ್ನು ಕಾಡಿನಲ್ಲಿ ಮರೆಯಬಾರದು. ದಟ್ಟ ನೆರಳಿನ ಹಾದಿಯಲ್ಲಿ ಫ್ರೇಮ್ ದರವನ್ನು ತಗ್ಗಿಸುವುದರಿಂದ ಚಿತ್ರದ ಕಾಳುಕಾಳಾದ ದೋಷ ಕಡಿಮೆಯಾಗಬಹುದು.

ವಿಶಾಲ ನೋಟದ ಮಸೂರವು ವೇಗದ ಭಾವನೆಯನ್ನು ಹೆಚ್ಚಿಸುತ್ತದೆ. ಆದರೆ ಅಂಚಿನ ಮರಗಳನ್ನು ಬಾಗಿಸುತ್ತದೆ, ಇಳಿಜಾರನ್ನು ಚಪ್ಪಟೆಯಾಗಿ ತೋರಿಸುತ್ತದೆ. ಸವಾರನ ಎದೆ ನಡುಗಿಸಿದ ಕಡಿದಾದ ಇಳುಕಲು ವಿಡಿಯೊದಲ್ಲಿ ಸಾಧಾರಣ ದಾರಿಯಂತೆ ಕಾಣುವುದಕ್ಕೆ ಇದು ಮುಖ್ಯ ಕಾರಣ. ಇಂತಹ ವಿಡಿಯೊ ನೋಡಿ ಹಾದಿಯ ಕಷ್ಟವನ್ನು ಅಂದಾಜು ಮಾಡುವುದು ಹೊಸಬರಿಗೆ ಅಪಾಯಕಾರಿಯಾದೀತು. ಸರಳರೇಖೆಗಳನ್ನು ಸರಳವಾಗಿಯೇ ಉಳಿಸುವ 'ಲೀನಿಯರ್' ಆಯ್ಕೆಯಲ್ಲಿ ಅಂಚಿನ ಬಾಗು ಇಲ್ಲವಾದರೂ ನೋಟದ ಅಗಲ ಕಿರಿದಾಗುತ್ತದೆ.

ಧ್ವನಿಯ ದಾಖಲೆಗೆ ಗಾಳಿಯೇ ದೊಡ್ಡ ಅಡ್ಡಿ. ಮೈಕಿನ ಮೇಲೆ ಸ್ಪಂಜಿನ ಹೊದಿಕೆ ಹಾಕುವುದರಿಂದ ಗಾಳಿಯ ಸದ್ದು ಕಡಿಮೆಯಾಗುತ್ತದೆ. ವಿವರಣೆ ನೀಡಬಯಸುವವರು ಪೂರ್ಣಮುಖದ ಹೆಲ್ಮೆಟ್ ಒಳಗೆ ಪುಟ್ಟ ಮೈಕ್ ಇರಿಸಿಕೊಳ್ಳುತ್ತಾರೆ. ಅದರ ತಂತಿಯು ನೊರೆಯ ಪದರಕ್ಕೂ ತಲೆಗೂ ನಡುವೆ ಒತ್ತದಂತೆ ಎಚ್ಚರ ವಹಿಸಬೇಕು.

ಹಾದಿಯಲ್ಲಿ ಬಳಕೆ

ಧೂಳು ಮತ್ತು ಕೆಸರು ಮಸೂರವನ್ನು ಬೇಗನೆ ಮುಚ್ಚುತ್ತವೆ. ಒಣಗಿದ ಮಣ್ಣನ್ನು ಬಟ್ಟೆಯಿಂದ ಉಜ್ಜಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಮೊದಲು ನೀರು ಹಾಕಿ ಮಣ್ಣನ್ನು ಹರಿಯಿಸಿ, ಅನಂತರ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಜಲನಿರೋಧಕ ಕ್ಯಾಮೆರಾ ಆದರೂ ಬ್ಯಾಟರಿಯ ಬಾಗಿಲಿನ ರಬ್ಬರಿನ ಅಂಚಿನಲ್ಲಿ ಮರಳಿನ ಕಣ ಸಿಕ್ಕಿಕೊಂಡರೆ ನೀರು ಒಳಸೇರಬಹುದು. ಆದ್ದರಿಂದ ಮಳೆಯಲ್ಲಿ ಬ್ಯಾಟರಿ ಬದಲಿಸುವುದನ್ನು ಆದಷ್ಟು ತಪ್ಪಿಸಬೇಕು.

ಬಿಸಿಲಿನಲ್ಲಿ ನಿಂತಿರುವಾಗ ಕ್ಯಾಮೆರಾ ಬಿಸಿಯೇರಿ ತಾನಾಗಿಯೇ ನಿಲ್ಲುವುದುಂಟು. ಸಾಗುವಾಗ ಗಾಳಿ ಅದನ್ನು ತಂಪಾಗಿಡುತ್ತದೆ. ವಿಶ್ರಾಂತಿಗೆ ನಿಂತಾಗ ದಾಖಲೆಯನ್ನು ನಿಲ್ಲಿಸುವುದರಿಂದ ಬ್ಯಾಟರಿ, ಕಾರ್ಡು ಎರಡೂ ಉಳಿಯುತ್ತವೆ.

ಕ್ಯಾಮೆರಾ ತಲೆಯೊಡನೆ ತಿರುಗುವುದರಿಂದ ಸವಾರ ಪದೇಪದೇ ಅತ್ತಿತ್ತ ನೋಡಿದರೆ ನೋಡುಗರಿಗೆ ತಲೆಸುತ್ತು ಬರುತ್ತದೆ. ಹಾದಿಯ ಮುಂದಿನ ತಿರುವಿನತ್ತ ದೃಷ್ಟಿಯಿಟ್ಟು ಸಾಗುವುದು ಸುರಕ್ಷಿತ ಸವಾರಿಗೂ ಒಳ್ಳೆಯ ಚಿತ್ರಕ್ಕೂ ಸಮಾನವಾಗಿ ಸಲ್ಲುವ ನಿಯಮ. ಆದರೆ ಚಿತ್ರಕ್ಕಾಗಿ ತಲೆಯನ್ನು ಅಲುಗಿಸದೆ ಹಿಡಿದು, ಪಕ್ಕದಿಂದ ಬರುವ ವಾಹನವನ್ನೋ ಪ್ರಾಣಿಯನ್ನೋ ಗಮನಿಸದಿರುವುದು ಸಲ್ಲದು. ಚಲಿಸುತ್ತಿರುವಾಗ ಒಂದು ಕೈಬಿಟ್ಟು ಕ್ಯಾಮೆರಾವನ್ನು ಸರಿಪಡಿಸುವುದೂ ಅಪಾಯಕರ; ಏನೇ ತೊಂದರೆಯಿದ್ದರೂ ಹಾದಿಯಿಂದ ಬದಿಗೆ ಸರಿದು ನಿಂತು ನೋಡಬೇಕು. ಕ್ಯಾಮೆರಾ ಚಾಲೂ ಇದೆಯೆಂಬ ಕಾರಣಕ್ಕೆ ತನ್ನ ಶಕ್ತಿಮೀರಿದ ಜಿಗಿತಕ್ಕೆ ಮುಂದಾಗುವ ಪ್ರವೃತ್ತಿಯೂ ಸವಾರರಲ್ಲಿ ಕಂಡುಬರುತ್ತದೆ.

ಸ್ವತಃ ಕಲಿಯುವವರಿಗೆ ಈ ವಿಡಿಯೊಗಳು ಉತ್ತಮ ಪಾಠ. ತಿರುವಿಗೆ ಮುನ್ನ ಎಲ್ಲಿ ವೇಗ ತಗ್ಗಿಸಲಾಯಿತು, ಯಾವ ಗೆರೆಯಲ್ಲಿ ಸಾಗಲಾಯಿತು, ದೃಷ್ಟಿ ಎತ್ತ ಇತ್ತು ಎಂಬುದನ್ನು ಮನೆಯಲ್ಲಿ ನಿಧಾನವಾಗಿ ಪರಿಶೀಲಿಸಬಹುದು. ತರಬೇತುದಾರರು ಶಿಷ್ಯರ ಹಿಂದೆ ಸಾಗುತ್ತ ಅವರ ಭಂಗಿಯನ್ನು ದಾಖಲಿಸಿ ತೋರಿಸುವ ಪದ್ಧತಿಯೂ ಇದೆ.

ಭಾರತದಲ್ಲಿ ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 129ನೆಯ ಕಲಮು ದ್ವಿಚಕ್ರ ಮೋಟಾರು ವಾಹನ ಸವಾರರಿಗೆ ಹೆಲ್ಮೆಟನ್ನು ಕಡ್ಡಾಯಗೊಳಿಸುತ್ತದೆ. 2021ರ ಜೂನ್ 1ರಿಂದ ಭಾರತೀಯ ಮಾನಕ ಬ್ಯೂರೊದ ಐಎಸ್ 4151 ಮಾನಕಕ್ಕೆ ಅನುಗುಣವಾಗಿ ಐಎಸ್‌ಐ ಗುರುತು ಪಡೆದ ಹೆಲ್ಮೆಟ್‌ಗಳನ್ನು ಮಾತ್ರ ಈ ಸವಾರರಿಗಾಗಿ ತಯಾರಿಸಿ ಮಾರಬೇಕೆಂಬ ಆದೇಶ ಜಾರಿಯಲ್ಲಿದೆ. ನೆರೆಯ ಕೇರಳದಲ್ಲಿ ಮೋಟಾರು ವಾಹನ ಇಲಾಖೆಯು 2022ರಲ್ಲಿ ಹೆಲ್ಮೆಟ್ ಮೇಲೆ ಕ್ಯಾಮೆರಾ ಅಳವಡಿಸುವವರ ವಿರುದ್ಧ ಕ್ರಮ ಕೈಗೊಳ್ಳುವುದಾಗಿ ಪ್ರಕಟಿಸಿತು. ಕ್ಯಾಮೆರಾದಿಂದ ಹೆಲ್ಮೆಟ್‌ನ ರಕ್ಷಣೆ ಕುಗ್ಗುತ್ತದೆ ಎಂಬುದು ಇದಕ್ಕೆ ನೀಡಲಾದ ಕಾರಣ. ಗಡಿ ದಾಟಿ ವಯನಾಡು ಮುಂತಾದ ಕಡೆಗೆ ಸವಾರಿ ಹೊರಡುವವರು ಆಯಾ ರಾಜ್ಯದ ನಿಯಮವನ್ನು ಮೊದಲೇ ತಿಳಿದುಕೊಳ್ಳುವುದು ಒಳಿತು.

ಕಾಡುಹಾದಿಯ ಸವಾರಿಗೆ ಅರಣ್ಯ ಕಾನೂನುಗಳೂ ಅನ್ವಯಿಸುತ್ತವೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ಅಭಯಾರಣ್ಯಗಳ ಪ್ರವೇಶಕ್ಕೆ ನಿರ್ಬಂಧವಿದ್ದು, ಛಾಯಾಗ್ರಹಣದ ಉದ್ದೇಶಕ್ಕೂ ಅನುಮತಿ ಪಡೆಯಬೇಕಾಗುತ್ತದೆ. ಕರ್ನಾಟಕದ ಮೀಸಲು ಅರಣ್ಯಗಳಲ್ಲಿ ಅಕ್ರಮ ಪ್ರವೇಶವನ್ನು ಕರ್ನಾಟಕ ಅರಣ್ಯ ಕಾಯ್ದೆ, 1963 ನಿಷೇಧಿಸುತ್ತದೆ. ಇಂತಹ ಜಾಗಗಳಲ್ಲಿ ಅನುಮತಿಯಿಲ್ಲದೆ ಚಿತ್ರಿಸಿದ ವಿಡಿಯೊವನ್ನು ಅಂತರಜಾಲದಲ್ಲಿ ಪ್ರಕಟಿಸಿದರೆ, ಅದು ಸವಾರನ ವಿರುದ್ಧವೇ ಸಾಕ್ಷ್ಯವಾಗಬಹುದು. ಪಶ್ಚಿಮ ಘಟ್ಟಗಳಂತಹ ಸೂಕ್ಷ್ಮ ಪ್ರದೇಶಗಳಲ್ಲಿ ಒಬ್ಬರ ವಿಡಿಯೊ ನೋಡಿ ನೂರಾರು ಮಂದಿ ಅದೇ ಹಾದಿಗೆ ಧಾವಿಸಿದರೆ ಮಣ್ಣಿನ ಸವೆತವೂ ವನ್ಯಜೀವಿಗಳಿಗೆ ತೊಂದರೆಯೂ ಹೆಚ್ಚುತ್ತವೆ. ಕೆಲವು ಮಾದರಿಗಳು ಜಿಪಿಎಸ್ ಮೂಲಕ ಸ್ಥಳದ ಮಾಹಿತಿಯನ್ನೂ ವಿಡಿಯೊದಲ್ಲಿ ಅಡಕಗೊಳಿಸುತ್ತವೆ. ಹಂಚಿಕೊಳ್ಳುವ ಮುನ್ನ ಅದನ್ನು ತೆಗೆದುಹಾಕಬಹುದು.

ಹಳ್ಳಿಗಳ ನಡುವೆ, ತೋಟಗದ್ದೆಗಳ ಅಂಚಿನಲ್ಲಿ ಸಾಗುವಾಗ ಜನರ ಖಾಸಗಿತನವನ್ನು ಗೌರವಿಸುವುದು ಸವಾರನ ಕರ್ತವ್ಯ. ಹಳ್ಳಕೊಳ್ಳಗಳಲ್ಲಿ ಸ್ನಾನ ಮಾಡುವವರು, ಬಟ್ಟೆ ಒಗೆಯುವವರು ಎದುರಾದಾಗ ಕ್ಯಾಮೆರಾವನ್ನು ನಿಲ್ಲಿಸಬೇಕು. ನಿಂತು ಮಾತನಾಡಿಸುವಾಗ ಕ್ಯಾಮೆರಾ ಚಾಲೂ ಇದೆಯೆಂದು ಎದುರಿನವರಿಗೆ ಮೊದಲೇ ತಿಳಿಸುವುದು ಸೌಜನ್ಯ.

ಅಪಘಾತದ ದಾಖಲೆಯಾಗಿ

ಅಪಘಾತ ಸಂಭವಿಸಿದಾಗ ಹೆಲ್ಮೆಟ್ ಕ್ಯಾಮೆರಾದ ವಿಡಿಯೊ ಮಹತ್ವದ ದಾಖಲೆಯಾಗಬಲ್ಲದು. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಡಿ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರವನ್ನು ಜೊತೆಗಿರಿಸಬೇಕಾಗುತ್ತದೆ. ಆದ್ದರಿಂದ ಮೂಲ ಫೈಲನ್ನು ಕತ್ತರಿಸದೆ, ಬದಲಿಸದೆ, ಕಾರ್ಡಿನ ಸಮೇತ ಕಾಪಾಡಿಕೊಳ್ಳಬೇಕು. ಕ್ಯಾಮೆರಾದ ದಿನಾಂಕ ಮತ್ತು ಸಮಯ ಸರಿಯಾಗಿವೆಯೇ ಎಂದು ಆಗಾಗ ನೋಡಿಕೊಳ್ಳುವುದು ಇಂತಹ ಸಂದರ್ಭದಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುವ 'ಲೂಪ್' ವಿಧಾನದಲ್ಲಿದ್ದರೆ ಘಟನೆಯ ನಂತರ ಕೂಡಲೇ ದಾಖಲೆಯನ್ನು ನಿಲ್ಲಿಸಬೇಕು.

ಗಾಯಾಳುವಿನ ಹೆಲ್ಮೆಟನ್ನು ಕ್ಯಾಮೆರಾ ತೆಗೆಯುವ ಸಲುವಾಗಿ ಅಲುಗಿಸಬಾರದು. ಕೊರಳಿಗೆ ಪೆಟ್ಟಾಗಿರುವ ಸಾಧ್ಯತೆ ಇರುವುದರಿಂದ ಉಸಿರಾಟಕ್ಕೆ ತೊಂದರೆಯಾಗದ ಹೊರತು ಹೆಲ್ಮೆಟ್ ತೆಗೆಯುವುದನ್ನು ತರಬೇತಿ ಪಡೆದವರಿಗೇ ಬಿಡಬೇಕು. ವಿಡಿಯೊದ ವಿಚಾರ ಚಿಕಿತ್ಸೆಯ ನಂತರದ್ದು.

ಮಿತಿಗಳು

ಹೆಲ್ಮೆಟ್ ಕ್ಯಾಮೆರಾ ಸವಾರನು ಕಂಡ ದಿಕ್ಕನ್ನು ದಾಖಲಿಸುತ್ತದೆಯೇ ವಿನಾ ಅವನು ಗಮನಿಸಿದ್ದನ್ನಲ್ಲ. ಕಣ್ಣಂಚಿನಲ್ಲಿ ಕಂಡದ್ದು, ಹ್ಯಾಂಡಲಿನಿಂದ ಅಂಗೈಗೆ ತಿಳಿದದ್ದು, ದೇಹದ ಸಮತೋಲನ ಇವು ಯಾವುವೂ ಚಿತ್ರದಲ್ಲಿ ಮೂಡುವುದಿಲ್ಲ. ಆಳ ಹಾಗೂ ಇಳಿಜಾರಿನ ಕಡಿದುತನವೂ ಯಥಾವತ್ತಾಗಿ ಕಾಣುವುದಿಲ್ಲ. ಹಾದಿಯೊಂದರ ವಿಡಿಯೊವನ್ನು ಹಲವು ಬಾರಿ ನೋಡಿದವನೂ ಅಲ್ಲಿಗೆ ಮೊದಲ ಬಾರಿ ಹೋದಾಗ ನಿಧಾನವಾಗಿ ಸಾಗಿ, ಕಠಿಣವಾದ ಜಾಗಗಳಲ್ಲಿ ಇಳಿದು ನಡೆದು ನೋಡುವುದು ಅವಶ್ಯ.

ಇವನ್ನೂ ನೋಡಿ

• ಹೆಲ್ಮೆಟ್
• ಮೌಂಟನ್ ಬೈಕ್
• ಮೋಟೊಕ್ರಾಸ್
• ಡಿಜಿಟಲ್ ಕ್ಯಾಮೆರಾ
• ಪಶ್ಚಿಮ ಘಟ್ಟಗಳು